ಬಾಳಮ್ಮನ ಮನೆಯ ಊಟ

ರೊಟ್ಟಿ ಒಂದೇ ಮಗ್ಗುಲಿಗೆ ಉಬ್ಬುತ್ತಿದೆ, ಆ ಕಡೆ ಉರಿ ಹೆಚ್ಚಿರಬೇಕು, ಹಸಿ ಬಟ್ಟೆಯಿಂದ ಒತ್ತುತ್ತೇನೆ, ಇದು ಪ್ರಜ್ಞಾಳದು, ಇದನ್ನೂ ಒಲ್ಲೆ ಅನ್ನುತ್ತಾಳೆ ನನ್ನ ಮಗಳು — ಈಗ ಬ್ಯಾಡವ್ವಾ, ಕಾಲೇಜ್ ಬಿಟ್ಟ ಮ್ಯಾಲ ಅತ್ತಿ ಮನ್ಯಾಗ ಉಣ್ತೇನಿ — ಅತ್ತೆ ಅಂದರೆ ಬಾಳಮ್ಮ, ನಮ್ಮ ಮನೆಯವರ ತಂಗಿ, ಸಿಂದಗಿ ಬಸ್‌ಸ್ಟ್ಯಾಂಡಿನ ಹಿಂದೆ ಮನೆ, ಅವಳಿಗೆ ಇಬ್ಬರೂ ಗಂಡುಹುಡುಗರು, ಹೆಣ್ಣಿಲ್ಲವೆಂದು ಇವಳನ್ನು ಕೂಸಿದ್ದಾಗಿನಿಂದ ಸೊಂಟದಿಂದ ಇಳಿಸಿದವಳಲ್ಲ, ಈಗ ಊಟವನ್ನೂ ಕಸಿದುಕೊಂಡಳು, ಏನು ಹಾಕುತ್ತಾಳೋ ಆ ಎಣ್ಣೆಗಾಯಿಗೆ, ನಾನೂ ಶೇಂಗಾಪುಡಿ ಹೆಚ್ಚು ಹಾಕಿ ನೋಡಿದೆ, ಎಣ್ಣೆ ತೇಲಿಸಿ ನೋಡಿದೆ, ತಾಟು ಹಾಗೇ ಉಳಿಯಿತು. ಬಾಳಮ್ಮನನ್ನು ಕೇಳುವುದಾದರೂ ಹೇಗೆ, ನನ್ನ ಮಗಳು ನಿಮ್ಮಲ್ಲಿ ಎಷ್ಟು ಉಂಡಳು ಅಂದರೆ ತುತ್ತು ಎಣಿಸಿದ ಹಾಗೆ, ಬೀಗರು ಬಿಜ್ಜರಲ್ಲಿ ಯಾರೂ ಹಾಗೆ ಕೇಳುವುದಿಲ್ಲ. ಹುಡುಗಿ ಸೊರಗಿದಾಗ ಒಳಗೊಳಗೇ ಅಂದುಕೊಂಡೆ, ಅವಳ ಅಡುಗೆ ನನ್ನ ಮಗಳ ಮೈಗೆ ಹತ್ತುತ್ತಿಲ್ಲ — ಅಂದುಕೊಂಡು ಸಮಾಧಾನವೂ ಆಯಿತು, ಥೂ.

ಬಾಗಿಲಲ್ಲಿ ಚಪ್ಪಲಿ ಬಿಟ್ಟ ಸಪ್ಪಳ, ಬಾಳಮ್ಮನೇ, ಇಷ್ಟು ಮುಂಜಾನೆ — ಏನ್ ಮೋಡಿ ಹಾಕೀರಿ ವೈನಿ ಹುಡುಗೀಗೆ, ನಮ್ಮನ್ಯಾಗ ನೀರ ಬಿಟ್ರ ಏನೂ ಮುಟ್ಟಂಗಿಲ್ಲ, ಅವ್ವ ಕಟ್ಟಿದ ಡಬ್ಬಿ ಉಂಡೀನಿ ಅಂತಾಳ, ನನ್ನ ಕೈ ಅಡಿಗಿ ಅಷ್ಟ ಕೆಟ್ಟೈತೇನ್ರಿ — ನಗುತ್ತಿದ್ದಾಳೆ, ಕಣ್ಣು ನಗುತ್ತಿಲ್ಲ, ಆ ಕಣ್ಣು ನನಗೆ ಗೊತ್ತು, ಇಷ್ಟು ದಿನ ನನ್ನ ಮುಖದಲ್ಲೂ ಅದೇ ಇತ್ತು. ಡಬ್ಬಿ, ಯಾವ ಡಬ್ಬಿ, ನಾನು ಕಟ್ಟಿಲ್ಲ, ಅಲ್ಲೂ ಇಲ್ಲ ಇಲ್ಲೂ ಇಲ್ಲ, ಹಾಗಾದರೆ ಎಲ್ಲಿ — ಹಣಿಗೆಯ ತುಂಬ ಉದುರಿದ ಕೂದಲು, ಸಂಕ್ರಾಂತಿಯಿಂದ ಒಡೆಯದೇ ಇರುವ ಪ್ಯಾಡಿನ ಪಾಕೀಟು, ಅಭ್ಯಾಸದ ಚಿಂತೆಗೆ ಮುಟ್ಟು ಮುಂದೆ ಹೋಗಿದೆ ಅಂದುಕೊಂಡೆ, ನಳದ ಹತ್ತಿರ ಕಣ್ಣಿಗೆ ಕತ್ತಲೆ ಬಂದು ಬಿದ್ದಾಗ ನಿದ್ದೆಗೆಟ್ಟಿದ್ದಾಳೆ ಅಂದೆ, ಎಲ್ಲವನ್ನೂ ನೋಡಿದ್ದೇನೆ, ನೋಡುತ್ತಲೇ ಬಾಳಮ್ಮನ ಒಲೆಯನ್ನೇ ನೆನೆಯುತ್ತಿದ್ದೆ.

ರೊಟ್ಟಿ ಸೀಯುತ್ತಿದೆ, ಸೀಯಲಿ. ಹಿತ್ತಲ ಕಟ್ಟೆಯ ಮೇಲೆ ಪ್ರಜ್ಞಾ ಕೂತಿದ್ದಾಳೆ, ಈ ಬೇಸಿಗೆಯಲ್ಲೂ ಸ್ವೆಟರು, ಅದರ ತೋಳನ್ನು ಮೇಲೇರಿಸಿದೆ, ಕೈ ತಣ್ಣಗಿದೆ, ತೋಳಿನ ತುಂಬ ಎಳೆ ರೋಮ, ಹುಟ್ಟಿದಾಗ ಇದ್ದಂಥದು, ಕಡಲೆಹಿಟ್ಟು ಹಚ್ಚಿ ತಿಕ್ಕಿ ತೆಗೆದಿದ್ದೆ, ಮತ್ತೆ ಯಾಕೆ ಬಂತು, ಬೆರಳಿಗೆ ನಾಡಿ ಸಿಗುತ್ತದೆ, ಒಂದು ಬಡಿದು ಇನ್ನೊಂದಕ್ಕೆ ಕಾಯಿಸುತ್ತದೆ. ನಮ್ಮ ಓಣ್ಯಾಗಿನ ಹುಡುಗೀಗೂ ಹಿಂಗ ಆಗಿತ್ರಿ ವೈನಿ, ಬಾಳಮ್ಮನ ದನಿ ಇಳಿದಿದೆ, ಇದು ಹಟಾ ಅಲ್ಲ ಜಡ್ಡು ಅಂದ್ರು ಡಾಕ್ಟರ್, ಉಣಲಿಲ್ಲಂದ್ರ ಎದಿ ಸೈತ ಸೋಲ್ತೈತಂತ, ನಡೀರಿ, ಇವತ್ತ ಹೋಗೂಣು. ಹೂಂ ಅಂದೆ. ಪ್ರಜ್ಞಾ ಕೈ ಬಿಡಿಸಿಕೊಳ್ಳಲಿಲ್ಲ, ನನ್ನನ್ನೂ ಬಾಳಮ್ಮನನ್ನೂ ನೋಡಿದಳು, ಎಳೆ ರೋಮ ಗಾಳಿಗೆ ಅಲುಗುತ್ತಿದೆ, ಎಳೆ ರೋಮ, ಇನ್ನೇನೂ ಕಾಣುತ್ತಿಲ್ಲ ನನಗೆ —

ಅವ್ವಾ, ತುತ್ತು ಕಂಡ್ರ ನನಗ ಯಾಕ ಇಷ್ಟು ಅಂಜಿಕಿ ಬರ್ತೈತಿ?