ಕಾಳ್ಯಾನ ಸುತ್ತು

ಡಾಕ್ಟರ್ ಅನ್ನಪೂರ್ಣಾ ನಾಯಿಯ ತುಟಿ ಎತ್ತಿ ಒಸಡನ್ನು ಹೆಬ್ಬೆರಳಿನಿಂದ ಒತ್ತಿದರು. ಒತ್ತುವ ಮೊದಲೂ ಬಿಳಿ, ಬಿಟ್ಟ ಮೇಲೂ ಬಿಳಿ. ಕುರಿಗಾರ ರಾಯಪ್ಪ ಮೇಜಿನ ಹತ್ತಿರ ಬಗ್ಗಿದ. ತೋಳಕ್ಕೂ ಹಿಂದೆ ಸರಿಯದ ಅವನ ಕಾಳ್ಯಾ ಗೋಕಾಕದ ಆ ಸಣ್ಣ ದವಾಖಾನೆಯ ಮೇಜಿನ ಮೇಲೆ ಒದ್ದೆ ಕಂಬಳಿಯಂತೆ ಬಿದ್ದಿದ್ದ.

"ಉಣ್ಣಿ ಕಡದು ಬಂದ ಜ್ವರ, ಕಾಕಾ. ಮೈಯಾಗಿನ ರಕ್ತೆಲ್ಲಾ ಇಳದೈತಿ. ಔಷಧ ಹತ್ತೂತನಕ ಜೀವ ತಡೀಬೇಕಂದ್ರ ಇವತ್ತ ಬ್ಯಾರೆ ನಾಯಿ ರಕ್ತ ಹಾಕಬೇಕು."

"ರಕ್ತದ ಬದಲಿ ಹಾಕೂವಂಥಾ ಬಾಟ್ಲಿ ಏನರ ಇಲ್ಲೇನ್ರಿ ಬಾಯಾರ?"

"ಎಲ್ಲೋ ಮಾಡಿದ್ರಂತ. ನಮ್ಮ ಕೈಗೆ ಸಿಗೂದಿಲ್ಲ. ಸಲೈನ್ ಹಾಕಿದ್ರ ಬರೇ ನೀರು ಹೋಗ್ತೈತಿ. ಗಟ್ಟಿಮುಟ್ಟ ನಾಯಿ ಯಾರದರ ಐತೇನು?"

ಇತ್ತು, ಕಲ್ಲೋಳಿಯ ಜಾಫರಸಾಬನದು. ರಾಯಪ್ಪನ ಟಗರುಗಳನ್ನು ವರ್ಷಗಳಿಂದ ಕೊಳ್ಳುವವನು ಅವನೇ. ಅವನ ಮಟನ್ ಅಂಗಡಿಯ ಎಲುಬು ಕಡಿದು ಶೇರಾ ಕರುವಿನಂತೆ ಬೆಳೆದಿದ್ದ. ಆದರೆ ಹೋದ ವರ್ಷ ಆ ಶೇರಾನ ಕಿವಿ ಹರಿದವನು ಇದೇ ಕಾಳ್ಯಾ. ಯಾವ ಮುಖ ಇಟ್ಟುಕೊಂಡು ಕೇಳುವುದು? ಕೊನೆಗೆ ನಾಚಿಕೆ ಬಿಟ್ಟು ಫೋನು ಹಚ್ಚಿದ.

ಜಾಫರಸಾಬ ಗೂಡ್ಸ್ ಟೆಂಪೋದಲ್ಲಿ ನಾಯಿ ಹಾಕಿಕೊಂಡು ಬಂದೇಬಿಟ್ಟ. "ಟಗರಿಗೆ ಚೌಕಾಸಿ ಮಾಡ್ತೀನಿ ಖರೆ, ನಿನ್ನ ನಾಯಿ ಜೀವಕ್ಕೂ ಮಾಡ್ತೀನೇನೋ ಹುಚ್ಚಾ?" ಎಂದು ಬೈದ.

ಡಾಕ್ಟರು ಎರಡೂ ನಾಯಿಗಳ ರಕ್ತ ಕೂಡಿಸಿ ಗಾಜಿನ ಮೇಲಿಟ್ಟು ನೋಡಿದರು. ಗಂಟು ಕಟ್ಟಲಿಲ್ಲ, ಹೊಂದಿತು. ಶೇರಾನ ಕೊರಳ ಕೂದಲು ಬೋಳಿಸಿ ಸೂಜಿ ಚುಚ್ಚಿದಾಗ ಜಾಫರಸಾಬ ಮುಖ ತಿರುಗಿಸಿಕೊಂಡ. ದಿನಾ ಕತ್ತಿ ಹಿಡಿಯುವ ಮನುಷ್ಯ! ಸಂಜೆಗೆ ಕಾಳ್ಯಾನ ಒಸಡಿನಲ್ಲಿ ತುಸು ಕೆಂಪು ಮೂಡಿತು. ಬಾಲ ಒಮ್ಮೆ ಮೇಜಿಗೆ ಬಡಿಯಿತು. ರಾಯಪ್ಪ ಎಲ್ಲರೆದುರೇ ಅತ್ತ.

"ಅವನ ಸ್ವಂತ ರಕ್ತ ಹುಟ್ಟೂತನಕ ಒಂದ ಹೆಜ್ಜಿನೂ ಓಡಬಾರದು, ಕಾಕಾ. ಕಟ್ಟಿ ಹಾಕ್ರಿ" ಎಂದು ಡಾಕ್ಟರು ಎರಡೆರಡು ಸಲ ಹೇಳಿ ಕಳಿಸಿದರು.

ರಾಯಪ್ಪನ ಕುರಿಗಳು ಆಗ ಬೆಲ್ಲದ ಬಾಗೇವಾಡಿಯ ಒಬ್ಬ ರೈತನ ಹೊಲದಲ್ಲಿ ಗೊಬ್ಬರಕ್ಕಾಗಿ ತಂಗಿದ್ದವು. ಹೆಂಡತಿ ಹಣಮವ್ವ ಜೋಪಡಿಯೊಳಗೆ ತನ್ನ ಕೌದಿ ಹಾಸಿ ಕಾಳ್ಯಾನನ್ನು ಮಲಗಿಸಿದಳು. ಹಾಲು ನುಚ್ಚು ಕಲಸಿ ಉಣಿಸಿದಳು. ಮರುದಿನ ಅವನು ತಾನೇ ಎದ್ದು ನೀರು ಕುಡಿದ. ಸೊರಗಿದ ಕೊರಳಿಗೆ ಒತ್ತೀತೆಂದು ರಾಯಪ್ಪ ಹಗ್ಗವನ್ನು ಸಡಿಲ ಬಿಟ್ಟಿದ್ದ.

ಆ ಸಂಜೆ ಕುರಿಗಳು ಬಲೆಯ ದೊಡ್ಡಿಯ ಬಾಯಿಗೆ ಬಂದು ನಿಂತವು. ನಾಯಿ ಒಂದು ಸುತ್ತು ಹಾಕದೆ ಒಳಗೆ ಹೋಗದ ಕುರಿಗಳು ಅವು. ಹಿಂದಿನ ರಾತ್ರಿ ಗಂಡ ಹೆಂಡತಿ ಒಂದೊಂದನ್ನೇ ಹಿಡಿದು ದಬ್ಬಿದ್ದರು. ಇವತ್ತು ದಣಿದಿದ್ದ ರಾಯಪ್ಪನ ನಾಲಗೆ, ಹುಟ್ಟಿನಿಂದ ಬಂದ ರೂಢಿಯಂತೆ, ನಾಯಿಯನ್ನು ಸುತ್ತಿಗೆ ಬಿಡುವ ಕೂಗನ್ನು ತಾನೇ ಕೂಗಿಬಿಟ್ಟಿತು: "ಹುರ್ರ್ಯಾ... ಹೋ!"

ಕೂಗಿದ ಕೂಡಲೇ ಕೈ ಬಾಯಿಗೆ ಹೋಯಿತು. ಅಷ್ಟರಲ್ಲಿ ಕಾಳ್ಯಾ ಕುಣಿಕೆಯಿಂದ ತಲೆ ಹೊರಗೆಳೆದು ಹಾರಿ ಬಂದಿದ್ದ. "ಬ್ಯಾಡೋ! ನಿಲ್ಲೋ ಮಗನ!" ಎಂದು ರಾಯಪ್ಪ ಬೆನ್ನು ಹತ್ತಿದ. ಕಾಳ್ಯಾ ಹಿಂಡನ್ನು ಪೂರಾ ಒಂದು ಸುತ್ತು ಹಾಕಿ, ಹಿಂದುಳಿದ ಮರಿಯನ್ನು ಮೂಗಿನಿಂದ ಒಳಗೆ ದಬ್ಬಿ, ದೊಡ್ಡಿಯ ಬಾಯಲ್ಲೇ ಕುಸಿದ. ರಾಯಪ್ಪ ತುಟಿ ಎತ್ತಿ ನೋಡಿದ. ಬಿಳಿ. ಸ್ವಲ್ಪ ಹೊತ್ತಿಗೆ ಉಸಿರೂ ನಿಂತಿತು.

"ನನ್ನ ಬಾಯಿನ ಅವನ್ನ ಕೊಂದಿತು" ಎಂದು ರಾಯಪ್ಪ ಬಾಯಿ ಬಾಯಿ ಬಡಿದುಕೊಂಡ. ಹಣಮವ್ವ ಅವನ ಕೈ ಹಿಡಿದುಕೊಂಡು ಕೂತಳು.

ಮರುದಿನ ಸುದ್ದಿ ಕೇಳಿ ಜಾಫರಸಾಬ ಬಂದಾಗ ರಾಯಪ್ಪ ತಲೆ ಎತ್ತಲಿಲ್ಲ. "ನಿನ್ನ ಶೇರಾನ ರಕ್ತ ಮಣ್ಣಪಾಲ ಮಾಡಿದೆ, ಭಾಯಿ."

ಜಾಫರಸಾಬ ಕಾಳ್ಯಾನನ್ನು ಹೂತ ಹಸಿ ಮಣ್ಣಿನ ದಿಬ್ಬದ ಪಕ್ಕ ಕುಕ್ಕರಿಸಿದ. "ಸುತ್ತ ಪೂರಾ ಹಾಕಿದ್ನೇನು?"

"ಪೂರಾ ಹಾಕಿದ."

ಜಾಫರಸಾಬ ಟವಲಿನ ತುದಿಯಿಂದ ಕಣ್ಣೊರೆಸಿಕೊಂಡ.

ಹೊತ್ತು ಮುಳುಗಿತು. ಕುರಿಗಳು ಬಂದು ದೊಡ್ಡಿಯ ಮುಂದೆ ನಿಂತವು. ರಾಯಪ್ಪ ಕೂಗು ಹಾಕಲಿಲ್ಲ. ಕೋಲು ಕೆಳಗಿಟ್ಟು, ಹಿಂಡಿನ ಸುತ್ತ ತಾನೇ ನಡೆಯತೊಡಗಿದ. ಸುತ್ತು ಮುಗಿಸಿ ಬಂದಾಗಲೂ ಕುರಿಗಳು ನಿಂತೇ ಇದ್ದವು, ಜೋಪಡಿಯ ಕಡೆ ನೋಡುತ್ತ.