ಹಲ್ಲಿನ ಡಾಕ್ಟರು ಹಿಡಿದ ಗುಂಯ್

ಭಾನುವಾರ ಸಂಜೆ ನಾಲ್ಕಕ್ಕೆ ಹಲ್ಲಿನ ಡಾಕ್ಟರ ಮನೆಗೆ ಮಾವ ಬರುವವರಿದ್ದರು. ಗಡಿಯಾರ ರಿಪೇರಿ ಮಾಡುವ ಮಾವನಿಗೆ ಅಂಗಡಿಯ ಡ್ರಾಯರಿನಲ್ಲಿ ಒಂದು ಹಳೆಯ ಕ್ಯಾಸೆಟ್ಟು ಸಿಕ್ಕಿತ್ತು. ಮೇಲೆ ತೀರಿಹೋದ ಅತ್ತೆಯ ಕೈಬರಹ, ಒಳಗೆ ಅವರದೇ ದನಿಯಿರಬೇಕು. ಹಳೇ ರೇಡಿಯೋದಲ್ಲಿರುವಂಥ ಗಾಜಿನ ವಾಲ್ವುಗಳನ್ನಿಟ್ಟು ಅಳಿಯ ಕೈಯಾರೆ ಜೋಡಿಸಿದ ಆಂಪ್ಲಿಫೈಯರ್ ಸೆಟ್ಟಿನಲ್ಲೇ ಅದನ್ನು ಮೊದಲ ಸಲ ಕೇಳಬೇಕೆಂದು ಮಾವನ ಆಸೆ; ಆದರೆ ಅವಳ ಮಾತಿನ ಮೇಲೆ ಬೇರೆ ಸದ್ದು ಕೂತರೆ ತಡೆಯಲಾರೆ ಎಂದು ಫೋನಿನಲ್ಲೇ ಹೇಳಿಬಿಟ್ಟಿದ್ದರು. ಸೆಟ್ಟಿಗೋ ಎರಡೆರಡು ಕಾಯಿಲೆ: ಒಂದು ಸುಸ್, ಇನ್ನೊಂದು ಗುಂಯ್.

ಡಾಕ್ಟರಿಗೆ ಬರುತ್ತಿದ್ದದ್ದು ಒಂದೇ ವಿದ್ಯೆ. ಮಾಸ್ಕು ಕಟ್ಟಿ, ಹಣೆಗೆ ದೀಪ ಬಿಗಿದು, ಸೆಟ್ಟಿನ ಮೇಲೆ ಬಗ್ಗಿದರು. ಪೆನ್ಸಿಲಿನಿಂದ ಒಂದೊಂದೇ ವಾಲ್ವನ್ನು ಮೆಲ್ಲಗೆ ತಟ್ಟುತ್ತ, ಇಲ್ಲಿ ನೋವಾ, ಇಲ್ಲಿ ನೋವಾ ಎಂದು ವಿಚಾರಿಸಿದರು. ಎಡಗಡೆಯ ಸಣ್ಣ ವಾಲ್ವು ಸ್ಪೀಕರಿನಲ್ಲಿ ಟಣ್ ಎಂದಿತು. ಎಡ ಬಲದ ವಾಲ್ವುಗಳನ್ನು ಅದಲುಬದಲು ಮಾಡಿದರೆ ಸುಸ್ ಕೂಡ ಎಡದ ಸ್ಪೀಕರು ಬಿಟ್ಟು ಬಲಕ್ಕೆ ಮನೆ ಬದಲಾಯಿಸಿತು. ಕಳ್ಳ ಸಿಕ್ಕಿಬಿದ್ದ. ಅವನ ಜಾಗಕ್ಕೆ ಹೊಸ ವಾಲ್ವು ಬಂತು, ಸುಸ್ ಹೋಯಿತು.

ಗುಂಯ್ ಮಾತ್ರ ಜಪ್ಪಯ್ಯ ಅಂದರೂ ಜಗ್ಗಲಿಲ್ಲ. ವಾಲ್ಯೂಮು ಇಳಿಸಿದರೂ ಅಷ್ಟೇ, ಟೇಪ್ ರೆಕಾರ್ಡರಿನಿಂದ ಬರುವ ವೈರು ಕಿತ್ತರೂ ಅಷ್ಟೇ. ಸಾಕೆಟ್ಟು ಬದಲಾಯಿಸಿದರು, ಫ್ರಿಜ್ಜು ಆರಿಸಿದರು, ಕೊನೆಗೆ ಮೀನಿನ ತೊಟ್ಟಿಯ ಪಂಪನ್ನೂ ಆರಿಸಿದರು. ಮೀನುಗಳು ಗಾಜಿಗೆ ಮೂತಿಯೊತ್ತಿ ಇವರನ್ನೇ ನೋಡತೊಡಗಿದವು. ಹೆಂಡತಿಯನ್ನು ಕೇಳಿದರೆ, ಯಾವಾಗಲೂ ಇರುವ ಗುಂಯ್ ತಾನೇ, ಹೊಸದೇನು ಎಂದು ಬಟ್ಟೆ ಮಡಿಸುತ್ತ ಕೂತಳು. ಸೆಟ್ಟು ಆರಿಸಿದಾಗಲೂ ಗುಂಯ್ ಇದೆಯೇ ಎಂದು ಈ ಮಹಾನುಭಾವರು ಒಮ್ಮೆಯೂ ಗಮನಿಸಲಿಲ್ಲ. ಕಿತ್ತ ಹಲ್ಲನ್ನು ನೋವಿದೆಯಾ ಎಂದು ಯಾರು ಕೇಳುತ್ತಾರೆ?

ನಾಲ್ಕಕ್ಕೆ ಸರಿಯಾಗಿ ಮಾವ ಬಂದರು. ಬಗ್ಗಿದವರು ತಲೆಯೆತ್ತದೆಯೇ ಡಾಕ್ಟರು ಸೋಲೊಪ್ಪಿಕೊಂಡರು, ಕ್ಯಾಸೆಟ್ಟು ಇವತ್ತು ಬೇಡ ಎಂದರು. ಮುದುಕರ ಮುಖ ಬಾಡಿತು. ಆದರೂ ಅವರು ಕತ್ತು ಓರೆ ಮಾಡಿ, ಗಡಿಯಾರ ಪರೀಕ್ಷಿಸುವ ಕಿವಿಯಿಂದಲೇ ಸ್ವಲ್ಪ ಹೊತ್ತು ಕೇಳಿಸಿಕೊಂಡರು. ಆಮೇಲೆ ಪ್ಲಗ್ಗು ಕಿತ್ತರು. ವಾಲ್ವುಗಳ ಕೆಂಪು ಆರಿತು. ಗುಂಯ್ ಹಾಗೇ ಇತ್ತು.

"ಅಳಿಯಂದ್ರೇ, ಮಾಸ್ಕ್ ತೆಗೆದು ಬಾಯಿ ತೆಗೀರಿ," ಎಂದರು ಮಾವ. "ಇನ್ನೂ ದೊಡ್ಡದಾಗಿ."

ಡಾಕ್ಟರು ಬಾಯಿ ತೆರೆದರು. ಗುಂಯ್ ನಿಂತಿತು.

ಡ್ರಿಲ್ಲಿನ ಸದ್ದಿಗೆ ರೋಗಿಗಳು ಹೆದರದಿರಲೆಂದು ಇಪ್ಪತ್ತು ವರ್ಷದ ಹಿಂದೆ ಅವರೇ ಶುರುಮಾಡಿದ ಗುನುಗು ಅದು. ಈಗ ಯಾವುದರ ಮೇಲೆ ಬಗ್ಗಿದರೂ ತಾನಾಗಿಯೇ ಹೊರಡುತ್ತಿತ್ತು. ಊರಿಗೆಲ್ಲ ಗೊತ್ತು, ಅವರೊಬ್ಬರಿಗೆ ಗೊತ್ತಿಲ್ಲ. ಹೆಂಡತಿ ನಕ್ಕು ನಕ್ಕು ಮಡಿಸಿಟ್ಟ ಬಟ್ಟೆಯ ಮೇಲೆಯೇ ಉರುಳಿದಳು.

ಪ್ಲಗ್ಗು ಹಾಕಿ ಮೂವರೂ ಕೂತರು. ಕ್ಯಾಸೆಟ್ಟು ತಿರುಗಿತು. ಮತ್ತೆ ಗುಂಯ್. ಡಾಕ್ಟರು ಗಾಬರಿಯಿಂದ ಬಾಯಿ ಅಗಲಿಸಿದರು. ಗುಂಯ್ ನಿಲ್ಲಲಿಲ್ಲ. ಅಷ್ಟರಲ್ಲಿ ಸ್ಪೀಕರಿನಿಂದ ಅತ್ತೆಯ ದನಿ, ಪಕ್ಕದಲ್ಲೇ ಕೂತಷ್ಟು ಸ್ಪಷ್ಟವಾಗಿ ಬಂತು:

"ರೀ, ರೆಕಾರ್ಡ್ ಮಾಡ್ತಾ ಇದೀನಿ. ಗಡಿಯಾರದ ಮೇಲೆ ಬಗ್ಗಿಕೊಂಡು ಗುಂಯ್ ಅನ್ನೋದು ಒಂದು ನಿಮಿಷ ನಿಲ್ಲಿಸ್ತೀರಾ?"

ಈ ಸಲ ಮಾವನ ಬಾಯಿ ತಾನಾಗಿ ತೆರೆದುಕೊಂಡಿತು. ಕಣ್ಣೊರೆಸಿಕೊಂಡು ಅಳಿಯನ ಕಡೆ ತಿರುಗಿದರು.

"ಹಿಂದಕ್ಕೆ ತಿರುಗಿಸಿ ಅಳಿಯಂದ್ರೇ. ಇನ್ನೊಂದ್ಸಲ ಬೈಸ್ಕೋಬೇಕು."