ಅಪ್ಪಾಜಿಯ ಎಡತೋಳು

ನಮ್ಮಪ್ಪಾಜಿ ಶಾಂತವೀರಪ್ಪನವರ ಹಟದ ಮೇಲೆ ನನಗೆ ಈಗಲೂ ಸಿಟ್ಟಿದೆ. ಅವರು ತೀರಿಕೊಂಡು ಎಷ್ಟೋ ಕಾಲವಾಯಿತು, ಸಿಟ್ಟು ಮಾತ್ರ ಹೋಗಿಲ್ಲ.

ಜಯನಗರದ ಮನೆಗೆ ಬಂದ ವರ್ಷವೇ ಅವ್ವನಿಗೆ ಲಕ್ವ ಹೊಡೆದು ಎಡಭಾಗ ಬಿದ್ದುಹೋಯಿತು. ಮಾತು ಉಳಿದಿತ್ತು, ಕುಚೋದ್ಯವೂ ಉಳಿದಿತ್ತು. ದಿನಾ ಬೆಳಿಗ್ಗೆ ಅಪ್ಪಾಜಿ ಅವಳನ್ನು ಮಂಚದಿಂದ ಎತ್ತಿ ಬಚ್ಚಲಿಗೆ, ಅಲ್ಲಿಂದ ಪೂಜೆಯ ಮಣೆಗೆ ತರುತ್ತಿದ್ದರು. ಲಿಂಗಪೂಜೆಗೆ ಲಿಂಗ ಎಡ ಅಂಗೈಯಲ್ಲೇ ಇರಬೇಕು. ಅವಳ ಎಡಗೈ ನಿಲ್ಲದು. ಅದಕ್ಕೇ ಅಪ್ಪಾಜಿ ಅವಳ ಹಿಂದೆ ಕೂತು, ತಮ್ಮ ಎಡ ಅಂಗೈಯನ್ನು ಅವಳ ಅಂಗೈ ಕೆಳಗೆ ಇಟ್ಟು ಎತ್ತಿ ಹಿಡಿಯುತ್ತಿದ್ದರು. ಅವಳು ಬಲಗೈಯಿಂದ ವಿಭೂತಿ ಹಚ್ಚಿ ಪತ್ರೆ ಏರಿಸುತ್ತಿದ್ದಳು. ಏಳು ವರ್ಷ ಒಂದು ದಿನವೂ ತಪ್ಪಲಿಲ್ಲ.

ಅರವತ್ತೆರಡನೇ ವಯಸ್ಸಿನಲ್ಲಿ ಅಪ್ಪಾಜಿಯ ಎಡಭುಜ ಕೈಕೊಟ್ಟಿತು. ಅಂಗಿಯ ತೋಳು ತೂರಿಸಲೂ ಹಲ್ಲು ಕಚ್ಚುತ್ತಿದ್ದರು. ಮೂಳೆ ಡಾಕ್ಟರು ಸೇತುರಾಮ ಅವರ ಹತ್ತಿರ ಕರೆದುಕೊಂಡು ಹೋದೆ. ಎರಡು ಸಲ ಇಂಜೆಕ್ಷನ್ ಕೊಟ್ಟರೂ ನೋವು ಬಗ್ಗಲಿಲ್ಲ.

"ತೋಳಿನ ಮಾಂಸಖಂಡನ ಭುಜಕ್ಕೆ ಕಟ್ಟಿರೋ ಹುರಿ ಸವೆದುಹೋಗಿದೆ," ಎಂದರು ಡಾಕ್ಟರು. "ಆಪರೇಷನ್ನಲ್ಲಿ ಎರಡು ದಾರಿ. ಹುರಿ ಕತ್ತರಿಸಿ ಹಾಗೇ ಬಿಟ್ಟುಬಿಡೋದು ಒಂದು. ನೋವು ಹೋಗುತ್ತೆ, ತಿಂಗಳೊಳಗೆ ಕೆಲಸಕ್ಕೆ ಕೈ ಬರುತ್ತೆ. ಶಕ್ತಿ ಸ್ವಲ್ಪ ಕಮ್ಮಿ, ತೋಳಲ್ಲಿ ಒಂದು ಉಂಡೆ ಕಾಣುತ್ತೆ ಅಷ್ಟೆ. ಇನ್ನೊಂದು, ಕತ್ತರಿಸಿದ ತುದಿನ ತೋಳಿನ ಮೂಳೆಗೆ ಕಟ್ಟೋದು. ಶಕ್ತಿ ಉಳಿಯುತ್ತೆ. ಆದರೆ ಆರು ವಾರ ಕೈ ಬಟ್ಟೆಯಲ್ಲಿ ತೂಗುಹಾಕಿರಬೇಕು, ಮೂರು ತಿಂಗಳು ಭಾರ ಎತ್ತಂಗಿಲ್ಲ. ನಿಮ್ಮ ವಯಸ್ಸಿಗೆ ಮೊದಲನೇದೇ ಸಾಕು ಸಾರ್."

"ಮೂಳೆಗೇ ಕಟ್ಟಿ," ಎಂದರು ಅಪ್ಪಾಜಿ. "ಇನ್ನೂ ಹತ್ತು ವರ್ಷ ಅವಳನ್ನ ಎತ್ತಬೇಕು. ಕಮ್ಮಿ ಶಕ್ತಿ ಇಟ್ಕೊಂಡು ಎಲ್ಲಾದ್ರೂ ಬೀಳಿಸಿಬಿಟ್ರೆ?"

ನಾನು ಎಷ್ಟು ಹೇಳಿದರೂ ಕೇಳಲಿಲ್ಲ. ಅವ್ವನೂ ಅವರ ಕಡೆಗೇ. "ಮೂರು ತಿಂಗಳು ತಾನೆ, ಮಾಡಿಸ್ಕೊಳ್ಳಿ. ನಾನೆಲ್ಲಿ ಓಡಿಹೋಗ್ತೀನಿ," ಎಂದು ನಕ್ಕಳು.

ಆಪರೇಷನ್ ಆಯಿತು. ಸಾರಕ್ಕಿಯಿಂದ ಹಾಲು ತರುತ್ತಿದ್ದ ನಾರಾಯಣಮ್ಮನೂ ನಾನೂ ಸೇರಿ ಅವ್ವನನ್ನು ಎತ್ತತೊಡಗಿದೆವು. ಎರಡನೆಯ ದಿನವೇ ನನ್ನ ಹಿಡಿತ ಜಾರಿ, ಬಚ್ಚಲ ಹೊಸ್ತಿಲಿಗೆ ಅವಳ ಸೊಂಟ ತಗುಲಿತು. ಆಮೇಲೆ ಅವಳು ಮಂಚ ಬಿಡಲು ಒಪ್ಪಲಿಲ್ಲ.

"ಬೇಡ ಸರ್ವಮಂಗಳಾ, ನಂಗೆ ಭಯ. ಅವರ ಕೈ ವಾಸಿಯಾಗ್ಲಿ."

ಮಲಗಿದಲ್ಲೇ ಮೈ ಒರೆಸಿದೆ, ಅಂಗೈ ಹಿಡಿದು ಪೂಜೆ ಮಾಡಿಸಿದೆ. ಅಪ್ಪಾಜಿ ಕೈಯನ್ನು ಬಟ್ಟೆಯಲ್ಲಿ ತೂಗುಹಾಕಿಕೊಂಡು ಪಕ್ಕದ ಸ್ಟೂಲಿನ ಮೇಲೆ ಕೂತು ನೋಡುತ್ತಿದ್ದರು. ಮಲಗೇ ಇದ್ದವಳಿಗೆ ಎದೆಯಲ್ಲಿ ಕಫ ಕಟ್ಟಿತು, ಜ್ವರ ಏರಿತು. ಆಪರೇಷನ್ ಆದ ಐದನೆಯ ವಾರ, ಸೋಮವಾರ ಬೆಳಿಗ್ಗೆ ಅವ್ವ ಹೋಗಿಬಿಟ್ಟಳು.

ನಮ್ಮಲ್ಲಿ ಹೋದವರನ್ನು ಮಲಗಿಸುವುದಿಲ್ಲ, ಕೂರಿಸುತ್ತೇವೆ. ನಾಲ್ಕು ಜನ ನೆಂಟರು ಎತ್ತಲು ಬಂದರು. ಅಪ್ಪಾಜಿ ಬಟ್ಟೆಯಿಂದ ಕೈ ಹೊರಗೆ ತೆಗೆದರು.

"ಅಪ್ಪಾಜಿ, ಹೊಲಿಗೆ ಬಿಟ್ಟುಹೋಗುತ್ತೆ," ಎಂದೆ.

"ಇನ್ಯಾರನ್ನ ಎತ್ತೋಕೆ ಜೋಪಾನ ಮಾಡ್ಲಿ?"

ಒಬ್ಬರೇ ಎತ್ತಿದರು. ಭುಜದಲ್ಲಿ ಪಟ್ ಎಂದದ್ದು ನನಗೂ ಕೇಳಿಸಿತು. ಅವಳನ್ನು ಕೂರಿಸಿ, ಹಿಂದೆ ಕೂತು, ಅವಳ ಅಂಗೈಗೆ ತಮ್ಮ ಅಂಗೈ ಕೊಟ್ಟು, ಹೊರಡುವ ತನಕ ಲಿಂಗವನ್ನು ಎತ್ತಿ ಹಿಡಿದಿದ್ದರು.

ತಿಂಗಳು ಕಳೆದ ಮೇಲೆ ಬಲವಂತ ಮಾಡಿ ಡಾಕ್ಟರಿಗೆ ತೋರಿಸಿದೆ. ಅವರು ತೋಳಿನ ಉಂಡೆ ಮುಟ್ಟಿ ನೋಡಿದರು.

"ಕಟ್ಟಿದ್ದು ಕಿತ್ತುಹೋಗಿದೆ. ನೋವಿದೆಯಾ?"

"ಇಲ್ಲ."

"ಹಾಗಾದ್ರೆ ಇನ್ನೇನೂ ಮಾಡೋದು ಬೇಡ. ನಾನು ಹೇಳಿದ್ನಲ್ಲ, ಹುರಿ ಕತ್ತರಿಸಿ ಬಿಡೋ ಆ ಮೊದಲನೇ ದಾರಿ, ಅದನ್ನೇ ಮಾಡಿದ ಹಾಗಾಯ್ತು."

ಅಪ್ಪಾಜಿ ಮನೆಗೆ ಬಂದವರೇ ಬಚ್ಚಲಿಗೆ ಹೋಗಿ, ತುಂಬಿದ ತಾಮ್ರದ ಕೊಡವನ್ನು ಎಡಗೈಯಲ್ಲೇ ಎತ್ತಿಕೊಂಡು ಅವ್ವನ ಮಂಚದವರೆಗೆ ನಡೆದು ಬಂದರು. ನೀರು ತುಳುಕಲಿಲ್ಲ.

"ಇಷ್ಟು ಶಕ್ತಿನೇ ಸಾಕಾಗ್ತಿತ್ತು ಕಣಮ್ಮ," ಎಂದರು. ಕೊಡವನ್ನು ಎಲ್ಲಿ ಇಡಬೇಕೆಂದು ತಿಳಿಯದೆ ಹಾಗೇ ನಿಂತಿದ್ದರು.